ಚೆಕಿಂಗಣ್ಣ

ವಿಮಾನಗಳ ಸದ್ದಿಗೆ ತಲೆಯೆತ್ತಿ ನೋಡುವ ಅಭ್ಯಾಸವನ್ನೇ ಮರೆತಿರುವ ನಮ್ಮ ಕುಂದಾಣದಲ್ಲಿ, ದ್ರಾಕ್ಷಿಯ ಚಪ್ಪರಕ್ಕೆ ಹೊಂದಿಕೊಂಡ ಪಿತ್ರಾರ್ಜಿತ ಗೃಹದ ಪಡಸಾಲೆಯಲ್ಲಿ ಕುಳಿತು, ಪೈಥಾನ್ ಎಂಬ ಭಾಷೆಗೆ ಸಿ ಭಾಷೆಯಲ್ಲಿ ಉಪಾಂಗಗಳನ್ನು ರಚಿಸಿ ಜೀವನೋಪಾಯ ಸಾಗಿಸುವ ತರುಣನೊಬ್ಬನುಂಟು. ಊರವರು ಅವನನ್ನು ಚೆಕಿಂಗಣ್ಣನೆಂದು ಕರೆಯುವರು; ಬಸ್ಸಿನಲ್ಲಿ ಟಿಕೆಟ್ ತನಿಖೆ ಮಾಡುವವರೂ ಇಷ್ಟು ನಿಷ್ಠುರರಲ್ಲವೆಂಬುದು ಅವರ ಮತ.

ದೋಷ ಅವನದಲ್ಲ, ವೃತ್ತಿಧರ್ಮದ್ದು. ಸಿ ಭಾಷೆಯ ಉಪಾಂಗವು ಕಾರ್ಯದಲ್ಲಿ ವಿಫಲವಾದರೆ ‘ನಲ್’ ಎಂಬ ಬರಿಗೈಯಿಂದ ಮರಳತಕ್ಕದ್ದು, ಮರಳುವ ಮುನ್ನ ದೂರನ್ನು ದಾಖಲಿಸಿರತಕ್ಕದ್ದು. ಬರಿಗೈಯಲ್ಲಿ ಬಂದು ದೂರು ಹೇಳದಿರುವುದೂ ಅಪರಾಧ, ಪದಾರ್ಥವನ್ನೂ ದೂರನ್ನೂ ಒಟ್ಟಿಗೆ ತರುವುದೂ ಅಪರಾಧ. ಎರಡಕ್ಕೂ ಪೈಥಾನ್ ‘ಸಿಸ್ಟಂ ಎರರ್’ ಎಂದು ಗದರುವುದು. ಈ ನ್ಯಾಯವನ್ನು ಅವನು ಮನೆಗೂ ವಿಸ್ತರಿಸಿದನು. ಅಂಗಡಿಗೆ ಹೋದ ಅಣ್ಣನ ಮಗ ಕೊತ್ತಂಬರಿಯ ಕಂತೆಯನ್ನು ನೀಡುತ್ತ “ಚಿಕ್ಕಪ್ಪ, ಸೊಪ್ಪು ಬಾಡೈತೆ” ಎಂದರೆ, “ಸೊಪ್ಪಾದರೂ ಕೊಡು, ದೂರಾದರೂ ಕೊಡು” ಎನ್ನುವನು. ಉತ್ತರ ‘ಮೈನಸ್ ಒಂದು’ ಎಂದು ಬಂದಾಗ ಅದು ನಿಜವಾದ ಸಂಖ್ಯೆಯೋ ದೋಷದ ಸಂಕೇತವೋ ಎಂದು ಪ್ರತ್ಯೇಕವಾಗಿ ವಿಚಾರಿಸಬೇಕೆಂಬ ನಿಯಮವೂ ಉಂಟು; ಅದರಂತೆ ದ್ರಾಕ್ಷಿಯಲ್ಲಿ ಲುಕ್ಸಾನಾಯಿತೆಂದು ನಿಟ್ಟುಸಿರುಬಿಟ್ಟ ತಂದೆಯನ್ನು “ಲುಕ್ಸಾನೋ, ಲೆಕ್ಕದ ತಪ್ಪೋ?” ಎಂದು ಕೇಳಿ ಅವನು ಎರಡು ದಿನ ಅವರ ಮಾತು ಕಳೆದುಕೊಂಡನು.

ಎಳೆಗಳ, ಅಂದರೆ ಥ್ರೆಡ್ಡುಗಳ ಪ್ರಕರಣ ಇನ್ನೂ ಗಹನವಾದುದು. ಎಳೆಗಳು ಹಲವಿದ್ದರೂ ಪೈಥಾನಿನ ಗರ್ಭಗುಡಿಗೆ ಬೀಗದ ಕೈ ಒಂದೇ. ಅದರ ಹೆಸರು ಗಿಲ್. ಹೊರಗಣ ದೀರ್ಘಕಾರ್ಯಕ್ಕೆ ತೆರಳುವ ಎಳೆಯು ಅದನ್ನು ಬಿಟ್ಟುಹೋಗಬೇಕು. ಮರಳಿ ಪಡೆಯದೆ ಒಳಗಿನದೇನನ್ನೂ ಮುಟ್ಟಲಾಗದು, ‘ತಪ್ಪೇನಾದರೂ ಸಂಭವಿಸಿದೆಯೇ?’ ಎಂದು ವಿಚಾರಿಸಲೂ ಆಗದು. ವಿಚಾರಿಸಿದರೂ ತಿಳಿಯುವುದು ತನ್ನ ತಪ್ಪು ಮಾತ್ರ, ನೆರೆಯ ಎಳೆಯದಲ್ಲ. (ಕುಂದಾಣದಲ್ಲಿ ಈ ಕ್ರಮ ತಿರುಗುಮುರುಗಾಗಿರುವುದನ್ನು ನಾನು ಬಲ್ಲೆ.) 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಲ್ಲಿ ಈ ಬೀಗವೇ ಇಲ್ಲದ ಪ್ರಾಯೋಗಿಕ ರೂಪವೊಂದುಂಟೆಂದು ತಿಳಿದ ರಾತ್ರಿ, ಅವನು ಮೂರು ಸಲ ಎದ್ದು ಬೀದಿಬಾಗಿಲಿನ ಅಗುಳಿಯನ್ನು ಮುಟ್ಟಿನೋಡಿದನಂತೆ.

ಮೊನ್ನೆ ನಾನು ಹೋಗಿದ್ದಾಗ “ಅತ್ತಿಗೆ, ಕಾಫಿ” ಎಂದು ಕೂಗಿದವನು, ಹಾಲುಂಟೇ, ಸಕ್ಕರೆಯುಂಟೇ, ಒಲೆ ಹತ್ತಿತೇ ಎಂದು ಕುಳಿತಲ್ಲಿಂದಲೇ ಒಂದೊಂದನ್ನೂ ಎರಡೆರಡು ಬಾರಿ ವಿಚಾರಿಸಿದನು. ಆಕೆ ಸೆರಗಿಗೆ ಕೈಯೊರೆಸುತ್ತ ಬಂದು, ತೊಳೆದ ಲೋಟವೊಂದನ್ನು ಅವನ ಮುಂದಿಟ್ಟು ಒಳಕ್ಕೆ ನಡೆದಳು. ಲೋಟದಲ್ಲಿ ಏನೂ ಇರಲಿಲ್ಲ. ದೂರನ್ನೂ ಆಕೆ ಹೇಳಲಿಲ್ಲ.