ಎರಡೂವರೆ ನಿಮಿಷದ ಧಾಟಿ

ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಡು ಕಲಿಸಲು ದೊಡ್ಡ ಸಂಯೋಜಕರು ಎಲ್ಲಿ ಸಿಗುತ್ತಾರೆ ಎಂದು ಯಾರಾದರೂ ಗೊಣಗಿದರೆ ನಂಬಬೇಡಿ. ನಾಡಿನ ಪ್ರತಿ ಮಗುವಿಗೂ ಒಬ್ಬ ಸಂಯೋಜಕರನ್ನು ಸರ್ಕಾರ ಆದೇಶ ಹೊರಡಿಸಿಯೇ ಕೊಟ್ಟಿದೆ. ಅವರು ಮೈಸೂರು ಅನಂತಸ್ವಾಮಿ. 1995ರಲ್ಲೇ ನಮ್ಮನ್ನಗಲಿದ ಅವರು ಯಲ್ಲಾಪುರದ ಕಾಡಂಚಿನ ಶಾಲೆಗೆ ಬಂದು ತಾಲೀಮು ಮಾಡಿಸಲಾರರು ಎಂಬುದೊಂದೇ ಕೊರತೆ. ಬಂದು ಮಾಡಿಸಬೇಕಾದವರನ್ನು ನೇಮಿಸುವ ವಿಚಾರ ಆ ಆದೇಶದ ವ್ಯಾಪ್ತಿಗೆ ಬರುವುದಿಲ್ಲ.

ಕುವೆಂಪು ಅವರ ಪದ್ಯ ನಾಡಗೀತೆಯಾದದ್ದು 2004ರ ಜನವರಿ 6ರಂದು. ಏನು ಹಾಡಬೇಕೆಂದು ಅಂದೇ ತೀರ್ಮಾನವಾಯಿತು. ಹೇಗೆ ಹಾಡಬೇಕೆಂದು ತೀರ್ಮಾನವಾಗಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಅನಂತಸ್ವಾಮಿಯವರ ಧಾಟಿಯೋ, ಸಿ. ಅಶ್ವತ್ಥರ ಧಾಟಿಯೋ? ವಸಂತ ಕನಕಾಪುರ, ಚೆನ್ನವೀರ ಕಣವಿ, ಎಚ್.ಆರ್. ಲೀಲಾವತಿ ಹೀಗೆ ಒಬ್ಬರಾದ ಮೇಲೊಬ್ಬರ ಮುಂದಾಳತ್ವದಲ್ಲಿ ಸಮಿತಿಗಳು ಕೂತೆದ್ದವು. ಎಲ್ಲರೂ ಬಲ್ಲವರೇ, ಅದರಲ್ಲಿ ಎರಡು ಮಾತಿಲ್ಲ. ಕೊನೆಗೆ ಆಲಾಪ ಬೇಡ, ಪುನರಾವರ್ತನೆ ಬೇಡ, ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಗೆರೆ ಎಳೆದದ್ದಾಯಿತು. 2004ರಲ್ಲಿ ಸಿದ್ದಾಪುರದ ಒಂದನೇ ಕ್ಲಾಸಿಗೆ ಸೇರಿದ್ದ ಹುಡುಗ ಅಷ್ಟು ಹೊತ್ತಿಗೆ ಎಂ.ಎ. ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದ.

ಅಲ್ಲಿಗೂ ನಿಲ್ಲಲಿಲ್ಲ. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಹಾಡಿಯೂ ತೋರಿಸಿದರು. 2024ರಲ್ಲಿ ಅರ್ಜಿ ವಜಾ ಆಯಿತು. ನನಗೆ ಆ ನ್ಯಾಯಾಲಯದ ಮೇಲೆ ಸಣ್ಣ ಹೊಟ್ಟೆಕಿಚ್ಚಿದೆ. ನಾಡಗೀತೆಯನ್ನು ಸಂಗೀತ ಬಲ್ಲವರೊಬ್ಬರ ಬಾಯಲ್ಲಿ ಎದುರಿಗೇ ಕೂತು ಕೇಳುವ ಯೋಗ ನಮ್ಮ ಘಟ್ಟದ ಮೇಲಿನ ಎಷ್ಟು ಶಾಲೆಗಳಿಗೆ ಬಂದಿದೆ?

ಇಲ್ಲಿನ ಕ್ರಮ ಹೀಗೆ. ಇಬ್ಬರು ಅಕ್ಕೋರು, ಹದಿನೈದು ಮಕ್ಕಳು, ಐದು ತರಗತಿ. ಒಬ್ಬ ಅಕ್ಕೋರು ಮೀಟಿಂಗಿಗೆ ಹೋದರೆ ಉಳಿದವರೇ ಹೆಡ್ಮಾಸ್ತರು, ಅವರೇ ಗುಮಾಸ್ತರು, ಬಿಸಿಯೂಟದ ಲೆಕ್ಕದವರೂ ಅವರೇ. ನಾಡಗೀತೆಯ ಹೊತ್ತಿಗೆ ಅವರೇ ಸಂಗೀತ ನಿರ್ದೇಶಕರು. ಪಾಪ, ಮೊಬೈಲಿನಲ್ಲಿ ಹಾಡು ಹಚ್ಚಿ, ಬ್ಲೂಟೂತ್ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, 'ಇದರ ಸಂತಿಗೇ ಹೇಳಿ' ಅನ್ನುತ್ತಾರೆ. ದೊಡ್ಡವರ ಶ್ರುತಿ ಮಕ್ಕಳ ಕಂಠಕ್ಕೆ ನಿಲುಕುವುದಿಲ್ಲ. ಅರ್ಧ ಮಕ್ಕಳು ಕೆಳಗೆ ಗುನುಗುತ್ತಾರೆ, ಉಳಿದರ್ಧ ಮೇಲೆ ಕಿರುಚುತ್ತಾರೆ, ನಡುವೆ ಡಬ್ಬಿ ಒಂದೇ ಸರಿಯಾಗಿ ಹಾಡುತ್ತದೆ. ಆಷಾಢದ ಮಳೆ ತಗಡಿನ ಮಾಡಿಗೆ ಬಡಿದರೆ ಅದೂ ಕೇಳುವುದಿಲ್ಲ. ಆದರೆ ಎರಡೂವರೆ ನಿಮಿಷಕ್ಕೆ ಸರಿಯಾಗಿ ಮುಗಿಯುತ್ತದೆ. ಆದೇಶ ಪಾಲನೆಯಾಗಿದೆ.

ಕಲಾ ಶಿಕ್ಷಕರನ್ನು ಕೊಡಬಾರದೇ ಎಂದರೆ ಕಾನೂನಿನಲ್ಲಿ ಉತ್ತರ ಸಿದ್ಧವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೇ ತರಗತಿಯ ಶಾಲೆಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ ಅರೆಕಾಲಿಕ ಬೋಧಕರು. ನೂರು ದಾಟಬೇಕಾದರೆ ನಮ್ಮಲ್ಲಿ ಎರಡು ಊರಿನ ಮಕ್ಕಳ ಜತೆ ಅವರ ಅಪ್ಪ ಅಮ್ಮಂದಿರನ್ನೂ ಭರ್ತಿ ಮಾಡಬೇಕು. ದನಿಗೂ ತಲೆ ಎಣಿಕೆ ಇದೆ ಎಂದಾಯಿತು. ಬಾಳೆಲೆ ಹಾಸಿ, ನೀರು ಚಿಮುಕಿಸಿ, ಬಡಿಸುವವರನ್ನು ಮಾತ್ರ ಕರೆಯದ ಮದುವೆಮನೆ ಇದು.

ತಮಾಷೆ ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನಲ್ಲಿ ಕಂಠಕ್ಕೆ ಬರವಿಲ್ಲ. ದಶಕಗಳ ಕಾಲ ಇಡಗುಂಜಿ ಮೇಳವನ್ನು ತಮ್ಮ ಹಾಡಿನಿಂದ ನಡೆಸಿದ ನೆಬ್ಬೂರು ನಾರಾಯಣ ಭಾಗವತರು ಶಿರಸಿ ಕಡೆಯವರು. ಯಲ್ಲಾಪುರದ ಸಿದ್ದಿಯರ ಕೇರಿಯಲ್ಲಿ ಡಮಾಮಿ ಸದ್ದು ಮಾಡಿದರೆ ಕೂತವರ ಕಾಲು ತಾನೇ ಏಳುತ್ತದೆ. ತಾಳಮದ್ದಲೆಗೆ ಕೂರುವ ಅಜ್ಜ, ಭಜನೆಗೆ ಹಾರ್ಮೋನಿಯಂ ಹಿಡಿಯುವ ಮಾವ ಊರಿಗೊಬ್ಬರಾದರೂ ಸಿಗುತ್ತಾರೆ. ಸಿದ್ದಾಪುರ ತಾಲೂಕಿನ ಭುವನಗಿರಿಯಲ್ಲಂತೂ ತಾಯಿ ಭುವನೇಶ್ವರಿಯೇ ನೆಲೆಸಿದ್ದಾಳೆ. ಸಾಹಿತ್ಯ ಸಮ್ಮೇಳನದ ಕನ್ನಡ ರಥಕ್ಕೂ ಇಲ್ಲಿಂದಲೇ ಚಾಲನೆ. ರಥ ಹೊರಟ ಮೇಲೆ ಧೂಳು ಕೂರುವವರೆಗೆ ನಾವು ಕೈ ಮುಗಿದು ನಿಂತಿರುತ್ತೇವೆ.

ಆದೇಶ ಬಂದ ಮರುತಿಂಗಳೇ, 2022ರ ಅಕ್ಟೋಬರ್ 28ರಂದು, ಬೆಳಿಗ್ಗೆ 11 ಗಂಟೆಗೆ ಕೋಟಿ ಕಂಠ ಗಾಯನವಾಯಿತು. ಆರು ಗೀತೆಗಳು, ಸಂಕಲ್ಪ, ಆನ್‌ಲೈನ್ ನೋಂದಣಿ, ಪ್ರಮಾಣಪತ್ರ. ಕೋಟಿ ಎಂದ ಮೇಲೆ ಯಾರ ಶ್ರುತಿ ಎಲ್ಲಿತ್ತು ಎಂದು ಕೇಳುವುದು ಅಪಚಾರ. ನೋಂದಣಿಗೆ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಾದ ಊರುಗಳಲ್ಲಿ ಗಾಯನಕ್ಕಿಂತ ಮೊದಲೇ ಉಸಿರು ಮುಗಿದಿರುತ್ತದೆ, ಅದು ಬೇರೆ ಮಾತು.

ಊರಿನ ಭಾಗವತರನ್ನೇ ವಾರಕ್ಕೊಂದು ಗಂಟೆ ಶಾಲೆಗೆ ಕರೆಯಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಅನ್ನಿಸದೇ ಇರಲಿ. ಅವರಿಗೆ ಬಿ.ಎಡ್. ಆಗಿಲ್ಲ. ರಾತ್ರಿಯಿಡೀ ಹಾಡಿ ಅಭ್ಯಾಸವಿರುವವರು ಎರಡೂವರೆ ನಿಮಿಷಕ್ಕೆ ನಿಲ್ಲಿಸುತ್ತಾರೆಂಬ ಖಾತ್ರಿ ಏನು? ಆಲಾಪ ಬೇರೆ ನಿಷಿದ್ಧ. ಇಷ್ಟೆಲ್ಲ ದಾಟಿ ಅವರ ಗೌರವಧನದ ಕಡತ ಶಿರಸಿಯ ಡಿಡಿಪಿಐ ಕಚೇರಿಯಿಂದ ಧಾರವಾಡಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಿ, 'ಚರ್ಚಿಸಿ' ಎಂಬ ಷರಾ ಹೊತ್ತು ಮರಳುವ ಹೊತ್ತಿಗೆ ಹುಡುಗರ ದನಿ ಒಡೆದು ಗೊಗ್ಗರಾಗಿರುತ್ತದೆ. ಆಗಲಾದರೂ ಅವರಿಗೆ ಡಬ್ಬಿಯ ಶ್ರುತಿ ಸಿಕ್ಕೀತು.