ಮುನ್ನೂರರ ಯಜಮಾನರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥ ಒಬ್ಬ ದರ್ಶಿನಿ ಯಜಮಾನರು ಸಿಗುತ್ತಾರೆ. ಹಣೆಗೆ ಗಂಧ, ಜೇಬಿನಲ್ಲಿ ಎರಡು ಪೆನ್ನು, ಗಲ್ಲಾಪೆಟ್ಟಿಗೆಯ ಮೇಲೆ ಒಂದು ಕೈ. ಚಟ್ನಿಗೆ ಹುರಿಗಡಲೆ ಒಂದು ಹಿಡಿ ಹೆಚ್ಚಾದರೆ ಕೂತಲ್ಲಿಂದಲೇ ವಾಸನೆ ಹಿಡಿದು ಹೇಳುತ್ತಾರೆ. ಡಿಕಾಕ್ಷನ್ ಮೊದಲನೆಯದೋ ಎರಡನೆಯದೋ, ಬಣ್ಣ ನೋಡಿದರೆ ಸಾಕು. ಇಷ್ಟೆಲ್ಲ ಬಲ್ಲವರಿಗೆ ಕರೆಂಟಿನ ವಿಷಯ ತಿಳಿಯದೇ ಇರುತ್ತದೆಯೇ? ತಿಳಿದಿದೆ: ಬಂದರೆ ಬಂತು, ಹೋದರೆ ಜನರೇಟರ್. ಉಳಿದದ್ದೆಲ್ಲ ಬಿಲ್ಲು ಬೆಳೆಸಲು ವೈರ್‌ಮನ್‌ಗಳು ಕಟ್ಟಿದ ಕಥೆ.

ಹೋಟೆಲಿಗೆ ಹೊಸ ರೂಪ ಕೊಟ್ಟಾಗ ಇವರ ಉತ್ಸಾಹ ನೋಡಬೇಕಿತ್ತು. ಗ್ರಾನೈಟಿಗಾಗಿ ಜಿಗಣಿಯ ತನಕ ಹೋಗಿ, ಒಂದೊಂದು ಚಪ್ಪಡಿಯನ್ನೂ ಸವರಿ, ಬಿಸಿಲಿಗೆ ಹಿಡಿಸಿ ನೋಡಿ ತಂದರು. ಅಡುಗೆಮನೆಯ ಸಾಕೆಟ್ಟಿನ ಸರದಿ ಬಂದಾಗ ಕೇಳಿದ್ದು ಎರಡೇ ಪ್ರಶ್ನೆ: "ಟೈಲ್ಸಿಗೆ ಮ್ಯಾಚ್ ಆಗುತ್ತಾ? ಇದಕ್ಕಿಂತ ಕಡಿಮೆದು ಇಲ್ವಾ?" ನೀರು ಸಿಡಿದರೂ ಒಳಗೆ ಹೋಗದಂತೆ ಮುಚ್ಚಳವಿರುವ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ತೋರಿಸಿದರೆ, "ಇದೇನು ಫ್ಯಾಕ್ಟರೀನೇನಪ್ಪಾ?" ಎಂದು ನಕ್ಕರು. ಐವತ್ತು ಲೀಟರ್ ಹಿಟ್ಟು ರುಬ್ಬುವ, ದಿನಕ್ಕೆ ಎರಡು ಹೊತ್ತು ಪೈಪು ಹಿಡಿದು ನೆಲ ತೊಳೆಯುವ ಜಾಗಕ್ಕೆ, ಮನೆಯ ಹಾಲಿನಲ್ಲಿ ಟೀವಿಗೆ ಹಾಕುವ ಸಾಕೆಟ್ಟೇ ಬಂತು. ಅದೂ ಸಿಂಕಿನ ಮಗ್ಗುಲಿಗೆ. ಮಿಕ್ಸಿಯ ವೈರು ಗಿಡ್ಡವಂತೆ.

ಗ್ರೈಂಡರು ಆಗಾಗ ಜುಂ ಎನ್ನುತ್ತಿತ್ತು. ಯಜಮಾನರು ಅದಕ್ಕೆ ಶಾಸ್ತ್ರೀಯ ವಿವರಣೆ ಕೊಟ್ಟಿದ್ದರು: "ಅದು ಶಾಕ್ ಅಲ್ಲ ಕಣಯ್ಯಾ, ಅರ್ಥ್. ಮಳೆಗಾಲದಲ್ಲಿ ಸ್ವಲ್ಪ ಹೊಡೆಯುತ್ತೆ." ಈ ಅರ್ಥನ್ನು ಸಂಭಾಳಿಸಲು ಅಡುಗೆಮನೆಯಲ್ಲಿ ಒಂದು ಸಂಪ್ರದಾಯವೇ ಬೆಳೆದಿತ್ತು. ಗ್ರೈಂಡರಿನ ಮುಂದೆ ಮರದ ಮಣೆ. ಅದರ ಮೇಲೆ ನಿಂತು, ಎಡಗೈ ಬೆನ್ನಿಗಿಟ್ಟು, ಬಲಗೈಯಲ್ಲಿ ಸ್ವಿಚ್ ಹಾಕಬೇಕು. ಹೊಸ ಹುಡುಗ ಸೇರಿದರೆ ಭಟ್ಟರು ಅಕ್ಕಿ-ಉದ್ದಿನ ಅಳತೆಗಿಂತ ಮೊದಲು ಕಲಿಸುತ್ತಿದ್ದುದು ಇದನ್ನೇ. "ಲೋ, ಮೊದಲು ಮಣೆ, ಆಮೇಲೆ ಸ್ವಿಚ್!" ಹಬ್ಬದ ಊಟಕ್ಕೂ ಇಷ್ಟು ಮಡಿಯಿಂದ ಯಾರೂ ಮಣೆ ಹಾಕಿದ್ದಿಲ್ಲ.

ಸೋರಿಕೆ ಕಂಡರೆ ಕರೆಂಟು ಕಡಿಯುವ ಎಲ್‌ಸಿಬಿ ಹಾಕಿಸಿರಲಿಲ್ಲ ಎಂದಲ್ಲ. (ಆರ್‌ಸಿಸಿಬಿ ಎನ್ನುವುದು ಡಬ್ಬದ ಮೇಲೆ ಮಾತ್ರ. ಅಂಗಡಿಯಲ್ಲಿ, ಬಾಯಲ್ಲಿ ಇನ್ನೂ ಇಎಲ್‌ಸಿಬಿ, ಅವಸರಕ್ಕೆ ಎಲ್‌ಸಿಬಿ.) ತಪಾಸಣೆಗೆ ಬರುತ್ತಾರೆಂದು ಇಡೀ ಅಡುಗೆಮನೆಗೆ ಸೇರಿ 30 ಮಿಲಿ ಆಂಪಿಯರಿನದು ಒಂದನ್ನು ಕೂರಿಸಿದ್ದರು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸು ಬಂತೇ ಎಂದು ಲೆಕ್ಕ ನೋಡುವುದೇ ಅದರ ಕೆಲಸ. ಗಲ್ಲಾದಲ್ಲಿ ಯಜಮಾನರು ಮಾಡುವುದೂ ಅದನ್ನೇ ಆದ್ದರಿಂದ ಇಬ್ಬರಿಗೂ ಹೊಂದಿಕೆಯಾಗಬೇಕಿತ್ತು. ಆಗಲಿಲ್ಲ. ಲೆಕ್ಕದಲ್ಲಿ ಸೋರಿಕೆ ಕಂಡೊಡನೆ ಅದು ಇಡೀ ಅಡುಗೆಮನೆಯನ್ನೇ ಆರಿಸಿಬಿಡುತ್ತಿತ್ತು. ವಾರದ ರಜೆ ಮುಗಿದ ಮರುದಿನ ನಸುಕಿಗಂತೂ ತಪ್ಪದೆ. ಇಡ್ಲಿ ಸ್ಟೀಮರಿನ ಹೀಟರ್ ಒಂದು ದಿನ ತಣ್ಣಗಿದ್ದರೆ ಒಳಗಿನ ಪುಡಿ ತೇವ ಹೀರುತ್ತದೆ, ಕರೆಂಟು ಸೋರುತ್ತದೆ. ಕಾದು ಒಣಗಿದರೆ ಸರಿಯಾಗುತ್ತದೆ. ಸಾಲದ್ದಕ್ಕೆ ಫ್ರಿಜ್, ಮಿಕ್ಸಿ, ಗ್ರೈಂಡರುಗಳಿಂದ ತಲಾ ಒಂದಿಷ್ಟು. 30 ಎಂದು ಬರೆದ ಎಲ್‌ಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಒಂದು ರಾತ್ರಿ ಹಾಗೆಯೇ ಬಿದ್ದು, ಬೆಳಿಗ್ಗೆ ಫ್ರಿಜ್ಜಿನಲ್ಲಿದ್ದ ಹಾಲೆಲ್ಲ ಒಡೆದಿತ್ತು.

ಯಜಮಾನರಿಗೆ ಎದುರು ಮಾತಾಡುವ ಮಾಣಿಯನ್ನು ಕಂಡರೆ ಆಗುವುದಿಲ್ಲ. ಎಲ್‌ಸಿಬಿಯೂ ಅದೇ ಪಟ್ಟಿಗೆ ಸೇರಿತು. "ಯಾವಾಗ ನೋಡಿದರೂ ಬೀಳುತ್ತೆ ಅಂದ್ರೆ ಪೀಸ್ ಸರಿಯಿಲ್ಲ ಅಂತ ಅರ್ಥ" ಎಂದು ಹಳೆಯ ವೈರ್‌ಮನ್ನನ್ನು ಕರೆಸಿದರು. ಆತ ಅನುಭವಸ್ಥ, ಯಜಮಾನರ ಮನಸ್ಸು ಓದಬಲ್ಲವನು. 30ರದನ್ನು ಕಿತ್ತು 300ರದನ್ನು ಹಾಕಿದ. ಅಂದಿನಿಂದ ಒಂದು ಸಲವೂ ಟ್ರಿಪ್ ಆಗಲಿಲ್ಲ. ಯಜಮಾನರು ಕಾಫಿಗೆ ಬಂದವರನ್ನೆಲ್ಲ ಒಳಗೆ ಕರೆದು ತೋರಿಸತೊಡಗಿದರು. "ನೋಡಿ ಸಾರ್, ಎಲ್ಲ ಕಡೆ 30 ಹಾಕ್ತಾರೆ. ನಮ್ಮದು 300. ಹತ್ತು ಪಟ್ಟು ಸೇಫ್ಟಿ!" ಎಷ್ಟು ಸೋರಿದರೆ ಕಡಿಯಬೇಕು ಎಂಬುದರ ಅಂಕಿ ಅದು. 300ರದ್ದು ವೈರಿಂಗಿಗೆ ಬೆಂಕಿ ಹತ್ತದಿರಲಿ ಎಂದು ಇರುವುದು, ಮನುಷ್ಯನಿಗಲ್ಲ. ಕಟ್ಟಡ ಉಳಿಯುತ್ತದೆ, ಭಟ್ಟರ ಮಾತು ಬೇರೆ. ಆದರೆ ದೊಡ್ಡ ಅಂಕಿಯನ್ನು ಸಣ್ಣದೆಂದು ಒಬ್ಬ ವ್ಯಾಪಾರಿಗೆ ಒಪ್ಪಿಸುವುದು ಯಾರಿಂದಾಗುತ್ತದೆ?

ಆಯುಧಪೂಜೆಯಲ್ಲಿ ಮಾತ್ರ ತಾರತಮ್ಯವಿರಲಿಲ್ಲ. ಗ್ರೈಂಡರಿಗೆ ಹಾರ, ಸ್ಟೀಮರಿಗೆ ವಿಭೂತಿ, ಸ್ವಿಚ್‌ಬೋರ್ಡಿಗೆ ಒದ್ದೆ ಕುಂಕುಮ. ಎಲ್‌ಸಿಬಿಯ ಮೇಲಿನ 'ಟೆಸ್ಟ್' ಎಂಬ ಗುಂಡಿಯನ್ನು ಒತ್ತಿದವರಿಲ್ಲ, ಅದರ ಮೇಲೆ ಬೊಟ್ಟು ಮಾತ್ರ ಚೊಕ್ಕವಾಗಿ ಕೂತಿತ್ತು.

ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಡೀಪ್ ಫ್ರೀಜರಿನ ಲೈನು ಎಳೆಯಲು ಬಂದವನು ಇದನ್ನೆಲ್ಲ ನೋಡಿ ಹೌಹಾರಿದ. "ಸಾರ್, ಓವರ್‌ಲೋಡ್ ನೋಡೋ 16 ಆಂಪಿಯರ್ ಎಂಸಿಬಿಗೆ ಮನುಷ್ಯ ಸಾಯುವಷ್ಟು ಕರೆಂಟು ಲೆಕ್ಕಕ್ಕೇ ಬರಲ್ಲ. ಒದ್ದೆ ಕೈಯಲ್ಲಿ 230 ವೋಲ್ಟ್ ಮುಟ್ಟಿದರೆ 150 ಮಿಲಿ ಆಂಪಿಯರ್ ಮೈಯಲ್ಲಿ ಹರಿಯಬಹುದು. ಆಗ 30ರದ್ದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಕಡಿಯುತ್ತೆ. ನಿಮ್ಮ 300ರದ್ದು ಸುಮ್ಮನೆ ನೋಡ್ತಾ ಇದ್ದರೂ ಇರಬಹುದು."

"ಇಪ್ಪತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ಲಪ್ಪ" ಎಂದರು ಯಜಮಾನರು, ಟೋಕನ್ ಎಣಿಸುತ್ತ.

ಹುಡುಗ ಜಾಣ. ಪ್ರಾಣದ ಮಾತು ಬಿಟ್ಟು ಹಾಲಿನ ಮಾತು ತೆಗೆದ. ಒಂದೊಂದು ಮಿಷಿನ್ನಿಗೂ ಬೇರೆ ಬೇರೆ 30ರ ಆರ್‌ಸಿಬಿಒ ಹಾಕಿದರೆ ಸ್ಟೀಮರ್ ಕೆಟ್ಟಾಗ ಸ್ಟೀಮರ್ ಮಾತ್ರ ನಿಲ್ಲುತ್ತದೆ, ಫ್ರಿಜ್ ನಡೆಯುತ್ತಲೇ ಇರುತ್ತದೆ, ಹಾಲು ಒಡೆಯುವುದಿಲ್ಲ. ಓವರ್‌ಲೋಡನ್ನೂ ಅದೇ ನೋಡಿಕೊಳ್ಳುವುದರಿಂದ ಪ್ರತ್ಯೇಕ ಎಂಸಿಬಿಯ ಖರ್ಚಿಲ್ಲ. ಯಜಮಾನರ ಕೈಯಲ್ಲಿದ್ದ ಟೋಕನ್ ಅಲ್ಲೇ ನಿಂತಿತು. "ಹಾಲು ಒಡೆಯಲ್ಲ ಅಂತೀಯಾ?"

ಚೌಕಾಸಿ ಎರಡು ಕಾಫಿಯಷ್ಟು ಹೊತ್ತು ನಡೆಯಿತು. ಇಂಡಕ್ಷನ್ ಒಲೆಗೆ 'ಎ' ಟೈಪಿನದೇ ಬೇಕು, ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ 'ಎಸಿ' ಟೈಪಿನದಕ್ಕೆ ಅಲ್ಲಿಯ ಸೋರಿಕೆ ತಿಳಿಯದೇ ಹೋಗಬಹುದು ಎಂದಾಗ, 'ಎ' ಎಂದರೆ ಎ-ಗ್ರೇಡ್ ಎಂದುಕೊಂಡು, "ಎಲ್ಲದಕ್ಕೂ ಅದೇ ಹಾಕು, ಬಿ-ಗ್ರೇಡ್ ನಮಗೆ ಬೇಡ" ಎಂದರು. ಅಜ್ಞಾನವೂ ಕೆಲವೊಮ್ಮೆ ಸರಿದಾರಿಗೆ ಹಚ್ಚುತ್ತದೆ. ಹುಡುಗ ತಿದ್ದಲು ಹೋಗಲಿಲ್ಲ. ಸಾಕೆಟ್ಟುಗಳು ಸಿಂಕಿನಿಂದ ದೂರ, ಎತ್ತರಕ್ಕೆ ಏರಿದವು. ಗ್ರೈಂಡರಿಗೆ ಮುಚ್ಚಳದ್ದು ಬಂತು. ಒಂದರ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿದರೆ ಸುಮ್ಮಸುಮ್ಮನೆ ಬೀಳುತ್ತದೆಂದು ಎಲ್ಲವನ್ನೂ ಬಿಡಿಸಿ ಕಟ್ಟಿದ. ಹಿತ್ತಲಲ್ಲಿ ಪಾತ್ರೆ ರಾಶಿಯಡಿ ಮುಚ್ಚಿಹೋಗಿದ್ದ ಅರ್ಥ್ ಗುಂಡಿಗೂ ನೀರು ಕಂಡಿತು.

ಈಗ ಯಜಮಾನರು ಸುರಕ್ಷತೆಯ ಮೇಲೆ ಮಾತಾಡುತ್ತಾರೆ. ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು ಎಂದು ಹುಡುಗ ಹೇಳಿದ್ದನ್ನು ವ್ರತದಂತೆ ಹಿಡಿದಿದ್ದಾರೆ. ಪರಿಚಯದವರು ಬಂದರೆ ಸಾಕು, ಒಳಗೆ ಕರೆದು, "ನೋಡಿ ಸಾರ್, ಟಪ್ ಅಂತ ಹೇಗೆ ಕಡಿಯುತ್ತೆ!" ಎಂದು ಒತ್ತಿಯೇಬಿಡುತ್ತಾರೆ. ಮಧ್ಯಾಹ್ನದ ರಶ್ಶಿನಲ್ಲಿ ಗ್ರೈಂಡರು ನಿಂತು, ತೆಂಗಿನಕಾಯಿ ಅರ್ಧ ರುಬ್ಬಿದ್ದು ಹಾಗೇ ಉಳಿದು, ಭಟ್ಟರು ಸೌಟು ಹಿಡಿದು ಇವರ ಮುಖ ನೋಡುತ್ತ ನಿಲ್ಲುತ್ತಾರೆ.

ಹೋದ ವಾರ ಹುಡುಗ ಬಾಕಿ ಹಣಕ್ಕೆ ಬಂದಿದ್ದ. ಯಜಮಾನರು ದುಡ್ಡು ಎಣಿಸಿ ಕೊಟ್ಟು, ಸ್ಟೋರ್ ರೂಮಿನಲ್ಲಿ ಬೆಳಗಿನಿಂದ ಕಿರುಚುತ್ತಿದ್ದ ಗ್ಯಾಸ್ ಅಲಾರಮಿನ ಕಡೆ ಕೈ ತೋರಿಸಿ ಕೇಳಿದರು:

"ಬಂದಿದ್ದೀಯ, ಹಾಗೇ ಇದರ ವೈರೂ ಸ್ವಲ್ಪ ಕಟ್ ಮಾಡಿ ಹೋಗಪ್ಪ. ತಲೆನೋವು."