‘ನನ್ನನ್ನು ಅಪಾರ್ಟ್‌ಮೆಂಟ್ ಅನ್ನಬೇಡಿ!’

ಮಲ್ಲೇಶ್ವರದ ಒಂದು ಅಡ್ಡರಸ್ತೆ. ಅರವತ್ತು-ನಲವತ್ತರ ನಿವೇಶನ. ಹಂಚಿನ ಮನೆ ಕೆಡವಿದ ಜಾಗದಲ್ಲಿ ಎದ್ದಿರುವ ನಾಲ್ಕಂತಸ್ತಿನ ಕಟ್ಟಡ. ಮಹಡಿಗೊಂದೇ ಮನೆ, ಕೆಳಗೆ ಸ್ಟಿಲ್ಟ್‌ನಲ್ಲಿ ಕಾರುಗಳು. ಗೇಟಿನ ಪಕ್ಕ ಗ್ರಾನೈಟಿನ ಮೇಲೆ ಹಿತ್ತಾಳೆ ಅಕ್ಷರದ ಹೆಸರಿದೆ. ಅದು ಯಾವುದೆಂದು ಹೇಳಿ ಪ್ರಯೋಜನವಿಲ್ಲ, ಅಂಥ ಹೆಸರುಗಳು ಈಗ ಕ್ರಾಸಿಗೆ ಎರಡರಂತೆ ಸಿಗುತ್ತವೆ. ಮಾತಿಗೆ ಕೂತಾಗ ಕಟ್ಟಡ ಹಾಕಿದ ಷರತ್ತು ಒಂದೇ: ‘ಬುಟೀಕ್ ರೆಸಿಡೆನ್ಸ್’ ಎಂದೇ ಕರೆಯಬೇಕು.

ಬುಟೀಕ್ ಎಂದರೆ ಬ್ಲೌಸ್ ಹೊಲಿಸುವ ಅಂಗಡಿ ಎಂದೇ ಬೆಂಗಳೂರು ತಿಳಿದಿತ್ತು. ಮನೆಗೆ ಆ ಹೆಸರು ಹೇಗೆ ಅಂಟಿತು?

ಅಳತೆ ಕೊಟ್ಟು ಹೊಲಿಸಿದ್ದು ಎಂದು ತಿಳಿಯಿರಿ. ವೈಟ್‌ಫೀಲ್ಡಿನ ನನ್ನ ನೆಂಟರದ್ದು ರೆಡಿಮೇಡ್ ಸಂಸಾರ: ಒಂದೇ ಅಚ್ಚಿನ ನೂರಾರು ಮನೆ, ಲಿಫ್ಟಿನಲ್ಲಿ ಮೊಬೈಲು ನೋಡುತ್ತ ನಿಲ್ಲುವ ಅಪರಿಚಿತರು. ಅವರು ಈಜುಕೊಳ, ಜಿಮ್ಮು, ಕ್ಲಬ್‌ಹೌಸು ಎಲ್ಲ ಸ್ವಂತ ಖರ್ಚಿನಲ್ಲಿ ಕಟ್ಟಿಸಿ ತೋರಿಸಬೇಕು. ನನಗೆ ಆ ತಾಪತ್ರಯವಿಲ್ಲ. ಸ್ಯಾಂಕಿ ಕೆರೆಯೇ ನನ್ನ ವಾಕಿಂಗ್ ಟ್ರ್ಯಾಕು, ಕಾಡುಮಲ್ಲೇಶ್ವರ ನನ್ನ ದೇವರಮನೆ, ಸಿಟಿಆರ್ ನನ್ನ ಅಡುಗೆಮನೆ. ಬ್ರೋಷರಿನಲ್ಲಿ ಒಂದೊಂದಕ್ಕೂ ಒಂದೊಂದು ಚಿತ್ರ ಹಾಕಿದ್ದೇವೆ. ಚದರಡಿ ದರದಲ್ಲಿ ಸೇರಿಸಿಯೂ ಇದ್ದೇವೆ.

ಚಿಕ್ಕದಾಗಿರುವುದಕ್ಕೆ ಬ್ರೋಷರಿನಲ್ಲಿಲ್ಲದ ಇನ್ನೊಂದು ಲಾಭವಿದೆ. 2016ರ ರೇರಾ ಕಾಯ್ದೆಯ ಪ್ರಕಾರ ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ, ಯೋಜನೆಯನ್ನು ನೋಂದಾಯಿಸಬೇಕಿಲ್ಲ. ನಿಮ್ಮ ನಿವೇಶನ ಸುಮಾರು 223 ಚದರ ಮೀಟರ್, ಮನೆಗಳು ನಾಲ್ಕು. ಎರಡೂ ಲೆಕ್ಕದಲ್ಲಿ ಪಾರು. ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ 70ನ್ನು ಬೇರೆ ಖಾತೆಯಲ್ಲಿಡುವ ಕಟ್ಟುಪಾಡು, ಮುಗಿಸುವ ಗಡುವನ್ನು ಊರ ಮುಂದಿಡುವ ಕಟ್ಟುಪಾಡು, ಯಾವುದೂ ನಿಮಗೆ ತಾಗುವುದಿಲ್ಲ. ಮುನ್ನೂರು ಮನೆಯ ಯೋಜನೆಯಲ್ಲಿ ಕೊಳ್ಳುವವರಿಗಿರುವ ರಕ್ಷಣೆ, ಅದಕ್ಕಿಂತ ಹೆಚ್ಚು ದರ ಕೊಟ್ಟು ನಿಮ್ಮಲ್ಲಿಗೆ ಬಂದವರಿಗಿಲ್ಲ.

ಕಾನೂನೇ ಕೊಟ್ಟ ವಿನಾಯಿತಿ ಸ್ವಾಮಿ, ಕದ್ದದ್ದಲ್ಲ. ತನ್ನ ಮನೆಯ ಮೇಲೆ ಎರಡು ಮಹಡಿ ಎಬ್ಬಿಸುವ ನಿವೃತ್ತ ಮೇಷ್ಟ್ರು ಕಡತ ಹೊತ್ತು ಅಲೆಯಬಾರದಲ್ಲ, ಅಂಥವರ ಬಾಗಿಲು ಅದು. ನಾನೂ ತಲೆ ತಗ್ಗಿಸಿ ಅದರಲ್ಲೇ ನುಸುಳಿದೆ. ತಲೆ ತಗ್ಗಿಸುವುದಕ್ಕೆ ನಮ್ಮಲ್ಲಿ ವಿನಯ ಎನ್ನುತ್ತಾರೆ.

ಮುಂಭಾಗಕ್ಕೆ ಮಂಕಿ ಟಾಪ್ ಹಚ್ಚಿಕೊಂಡಿದ್ದೀರಿ. ಹಳೆಯ ಮನೆಗಳಲ್ಲಿ ಅದು ಕಿಟಕಿಯ ಮೇಲೆ ಚಾಚಿದ ಮರಪಟ್ಟಿಯ ಚೂಪು ಸೂರು. ಬಿಸಿಲು ತಡೆದು ಗಾಳಿ ಬಿಡುವುದು ಅದರ ಕೆಲಸ. ನಿಮ್ಮದು ಅಲ್ಯೂಮಿನಿಯಮ್ಮಿನದು, ಅದರ ಕೆಳಗೆ ಕಿಟಕಿಯೇ ಇಲ್ಲ, ಏಸಿ ಯಂತ್ರ ಕೂತಿದೆ. ಲಾಬಿಯಲ್ಲಿ ಹಳೆಮನೆಯ ಮರದ ಕಂಬವೊಂದನ್ನು ನಿಲ್ಲಿಸಿದ್ದೀರಿ. ಅದರ ತಲೆಗೂ ಫಾಲ್ಸ್ ಸೀಲಿಂಗಿಗೂ ನಡುವೆ ಗೇಣು ಜಾಗ.

ಪಾಪ, ಭಾರ ಹೊತ್ತು ಸಾಕಾಗಿತ್ತು, ನಿವೃತ್ತಿ ಕೊಟ್ಟೆವು. ಆದರೆ ಪರಂಪರೆ ಎಂದು ನನ್ನ ಮೇಲೆ ಏರಿಬರುವ ಮುನ್ನ ಒಂದು ಮಾತು. ಈ ಬಡಾವಣೆಯನ್ನೇನು ಋಷಿಗಳು ತಪಸ್ಸು ಮಾಡಿ ಕಟ್ಟಿದರೆ? 1898ರಲ್ಲಿ ಪ್ಲೇಗ್ ಬಂದು, ಪೇಟೆಯ ಇಕ್ಕಟ್ಟಿನಿಂದ ಓಡಿಬಂದವರಿಂದ ಬೆಳೆದ ಊರು ಇದು. ನಿವೇಶನ ಹಂಚಿದ್ದೂ ಜಾತಿವಾರು ವಿಂಗಡಿಸಿ. ಮನೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಓಣಿಯಲ್ಲಿ ಮಲದ ಬಕೀಟು ಹೊತ್ತು ನಡೆದವರು ನಿಮ್ಮ ಮುಂಬಾಗಿಲ ಕೆತ್ತನೆಯನ್ನು ಯಾವತ್ತಾದರೂ ಕಂಡಿದ್ದರೆ? ನನ್ನಲ್ಲಿ ದುಡ್ಡಿದ್ದವರು ಯಾರು ಬೇಕಾದರೂ ಮನೆ ಕೊಳ್ಳಬಹುದು.

ಮಾತು ನಿಜ, ತಳ್ಳಿಹಾಕುವಂತಿಲ್ಲ. (‘ಯಾರು ಬೇಕಾದರೂ’ ಎನ್ನುವಾಗ ‘ಪ್ಯೂರ್ ವೆಜ್ ಮಾತ್ರ’ ಎಂಬ ಷರತ್ತನ್ನು ಬಾಯೊಳಗೇ ನುಂಗಿಕೊಂಡಿರಿ, ಇರಲಿ.) ಪ್ಲೇಗಿನ ಮಾತು ನೀವೇ ಎತ್ತಿದ್ದು ಒಳ್ಳೆಯದಾಯಿತು. ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದನ್ನು ಆಗಿನ್ನೂ ಜನ ಒಪ್ಪಿರಲಿಲ್ಲ. ಗಾಳಿ-ಬೆಳಕಿಲ್ಲದ ಇಕ್ಕಟ್ಟನ್ನೇ ದೂರಿದರು. ಆ ತಿಳಿವಳಿಕೆ ಅರೆಬರೆಯದಾದರೂ ಅದರಿಂದ ನಮಗೆ ಅಗಲವಾದ ರಸ್ತೆ ಸಿಕ್ಕಿತು, ಮನೆಯ ಸುತ್ತ ಬಯಲು ಸಿಕ್ಕಿತು, ಹಿತ್ತಲು ಸಿಕ್ಕಿತು. ಹಾಗಾಗಿ ಇಲ್ಲಿ ಕಾಪಾಡಬೇಕಾಗಿದ್ದುದು ಕಟ್ಟಿದ್ದಕ್ಕಿಂತ ಹೆಚ್ಚಾಗಿ ಕಟ್ಟದೆ ಬಿಟ್ಟದ್ದನ್ನು. ನೀವು ಕಂಬ, ಸೂರು, ಲಾಬಿಯ ರೆಡ್‌ಆಕ್ಸೈಡ್ ನೆಲ ಇವನ್ನು ಒಡವೆಯಂತೆ ತೊಟ್ಟು ಬಯಲನ್ನು ತಿಂದಿರಿ. ಪಕ್ಕದ ಅಡುಗೆಮನೆಯಲ್ಲಿ ಈಗ ನಡುಮಧ್ಯಾಹ್ನವೂ ದೀಪ ಹಾಕುತ್ತಾರೆ. ನಾಲ್ಕನೇ ಮಹಡಿಯವರಿಗೆ ನೀವು ಮಾರಿದ ‘ಗ್ರೀನ್ ವ್ಯೂ’ ಎದುರು ಮನೆಯವರ ಮಾವಿನ ಮರ. ಆ ಮನೆಯೂ ಬುಟೀಕ್ ಆದರೆ?

ಮಾತುಕತೆ ನಡೆದಿದೆ ಎಂದು ಕೇಳಿದೆ. ನೋಡಿ, ನನ್ನನ್ನು ಬೈಯುವವರು ಹಳೆಮನೆಯೊಳಗೆ ಒಂದು ಮಳೆಗಾಲ ಕಳೆಯಲಿ. ಹಂಚು ಕೈಯಾಡಿಸುವ ಆಳು ಸಿಗುವುದಿಲ್ಲ, ಸೋರುವ ಕಡೆಗೆಲ್ಲ ಪಾತ್ರೆ ಸಾಲುವುದಿಲ್ಲ. ಮಕ್ಕಳು ನಾಲ್ವರು, ಅದರಲ್ಲಿ ಒಬ್ಬರು ನ್ಯೂಜೆರ್ಸಿಯಲ್ಲಿ. ಹಜಾರವನ್ನು ನಾಲ್ಕು ಪಾಲು ಮಾಡಲಾಗದು, ನನ್ನನ್ನು ಮಾಡಬಹುದು. ಕೋರ್ಟು ಅಲೆದು ಗೆದ್ದಲು ಹಿಡಿಸುವುದಕ್ಕಿಂತ ಜಾಯಿಂಟ್ ಡೆವಲಪ್‌ಮೆಂಟ್ ವಾಸಿ: ನಾಲ್ಕರಲ್ಲಿ ಎರಡು ಮನೆಯವರಿಗೆ, ಎರಡು ಬಿಲ್ಡರಿಗೆ. ಎರಡನ್ನು ನಾಲ್ವರು ಹೇಗೆ ಹಂಚಿಕೊಂಡರು ಎಂಬುದು ನನ್ನ ವ್ಯಾಪ್ತಿಗೆ ಬರುವುದಿಲ್ಲ.

ಪಾಲಿನ ಸಂಕಟವನ್ನು ನೀವು ಹುಟ್ಟಿಸಲಿಲ್ಲ, ಒಪ್ಪಿದೆ. ಹಳೆಮನೆಯನ್ನು ಉಳಿಸಿಕೊಳ್ಳಿ ಎಂದು ದಾರಿಹೋಕರು ಉಪದೇಶಿಸುವುದೂ ಸುಲಭ, ಹಂಚಿನ ಖರ್ಚು ಅವರದ್ದಲ್ಲವಲ್ಲ. ಆದರೆ ಸೆಟ್‌ಬ್ಯಾಕಿನ ಮೇಲೆ ಬಾಲ್ಕನಿ ಚಾಚಿ ಎಂದು ಯಾವ ಪಾಲುಪಟ್ಟಿಯಲ್ಲೂ ಬರೆದಿರಲಿಲ್ಲ. ಒಂದು ಮಹಡಿಯ ಆಸೆ ಬಿಟ್ಟಿದ್ದರೆ ಕಾರೂ ಕಡಿಮೆಯಾಗಿ ಹಿತ್ತಲ ಒಂದು ತುಂಡಾದರೂ ಉಳಿಯುತ್ತಿತ್ತು. ಅಲ್ಲೊಂದು ಬಾವಿ ಇತ್ತಲ್ಲ, ಎಲ್ಲಿ?

ಎರಡನೇ ಮಹಡಿಯವರ ಎರಡನೇ ಕಾರಿನ ಕೆಳಗೆ. ಬೋರ್‌ವೆಲ್ ಇದೆಯಲ್ಲ ಎಂದು ಮುಚ್ಚಿಸಿದೆವು. ಬೋರ್‌ವೆಲ್ ಹೋದ ಬೇಸಿಗೆಯಲ್ಲೇ ಕೈಕೊಟ್ಟಿತು. ಸ್ವಲ್ಪ ತಾಳಿ, ಟ್ಯಾಂಕರ್ ಬಂತು. ಪೈಪು ಎಳೆಯಬೇಕು, ನಿಮ್ಮ ಕುರ್ಚಿಯನ್ನು ರಸ್ತೆಯ ಕಡೆಗೆ ಹಾಕಿಕೊಳ್ಳುತ್ತೀರಾ?